ಪ್ರತಿಕ್ರಿಯೆ: ಯುದ್ಧ ಮುಗಿದ ಮೇಲೆ ಯೂನಿಯನ್ ಅಧಿಕಾರಿಗಳಿಗೆ ಏನು ಕೆಲಸ?
1865ರಲ್ಲಿ ಅಮೆರಿಕದ ಅಂತರ್ಯುದ್ಧವೇ ಮುಗಿದ ಮೇಲೆ ಯೂನಿಯನ್ (ಗೆದ್ದ ಉತ್ತರದ ಪಕ್ಷ) ಅಧಿಕಾರಿಗಳು ಸೋತ ದಕ್ಷಿಣದ ರಾಜ್ಯಗಳಲ್ಲಿ ಸುಮ್ನೆ ಕೂತಿದ್ದರಾ ಎಂದು ಕೇಳಿದ್ದೀರಿ. ಮೇಜರ್ ಲೂಯಿಸ್ ಮೆರಿಲ್ ಕಥೆ ನೋಡಿ. 1871ರ ಮಾರ್ಚ್‌ನಲ್ಲಿ ಸೆವೆಂತ್ ಕ್ಯಾವಲ್ರಿ (ಕುದುರೆ ಸವಾರರ ಸೇನಾದಳ) ಜೊತೆ ದಕ್ಷಿಣ ಕೆರೊಲಿನಾದ ಯಾರ್ಕ್‌ವಿಲ್‌ಗೆ ಬಂದವನು. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಹಾವಳಿಯ ಸುದ್ದಿ ಉತ್ಪ್ರೇಕ್ಷೆ ಅಂತಲೇ ಅವನೂ ಮೊದಲು ಅಂದುಕೊಂಡಿದ್ದ! ಆಮೇಲೆ ಕೊಲೆ, ಚಾಟಿಯೇಟಿನ ವಿವರಗಳನ್ನು ಒಂದೊಂದಾಗಿ ಕಲೆಹಾಕಿದ. ಕುದುರೆ ಓಡಿಸಿದ್ದಕ್ಕಿಂತ ಪತ್ತೇದಾರಿಕೆಯೇ ಜಾಸ್ತಿ ಅನ್ನಬಹುದು. ಆದರೆ ಕೈ ಕಟ್ಟಿತ್ತು. ಸೈನಿಕರು ತಾವಾಗಿಯೇ ಬಂಧಿಸುವ ಹಾಗಿರಲಿಲ್ಲ, ಸ್ಥಳೀಯ ನ್ಯಾಯವ್ಯವಸ್ಥೆಯಿಂದ ಪ್ರಯೋಜನವಿರಲಿಲ್ಲ. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಗ್ರ್ಯಾಂಟ್ ಅಲ್ಲಿನ 9 ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು) ಅಮಾನತು ಮಾಡಿದ ಮೇಲೆ ನೂರಾರು ಜನರ ಬಂಧನವಾಯಿತು. ಎಷ್ಟೋ ಮಂದಿ ತಾವಾಗಿಯೇ ಬಂದು ಶರಣಾದರು. ಶಿಕ್ಷೆಯಾದದ್ದು ಮಾತ್ರ ಕೆಲವರಿಗಷ್ಟೇ.