ಒಂದೇ ಗೇಮ್ ತಗೊಳ್ಳೋಕೆ ದುಡ್ಡಿದೆ. ಮತ್ತೆ ಮತ್ತೆ ಆಡೋಕೆ ಯಾವುದು ಒಳ್ಳೆಯದು, ಎಲ್ಲಿ ಬೇಕಾದರೂ ಅಲೆದಾಡೋ ದೊಡ್ಡ ಓಪನ್ ವರ್ಲ್ಡಾ, ನೇರ ಕಥೆಯದ್ದಾ?

ಪ್ರಶ್ನೆಯ ಕೊನೆಯಲ್ಲಿ ನೀವು "ಏನೂ ಮಿಸ್ ಆಗಬಾರದು, ಗೈಡ್ ನೋಡಿಕೊಂಡೇ ಆಡ್ತೀನಿ" ಅಂತ ಬರೆದಿದ್ದೀರಲ್ಲ, ನಾನು ಉತ್ತರ ಬರೆಯೋಕೆ ಕೂತಿದ್ದು ಆ ಒಂದು ಸಾಲಿಗೆ. ಓಪನ್ ವರ್ಲ್ಡ್ ವಿಷಯಕ್ಕೆ ಆಮೇಲೆ ಬರ್ತೀನಿ.

2012ರಲ್ಲಿ ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ವಿದ್ಯಾನಗರದಲ್ಲಿ ರೂಮು. ಅಸೆಂಬಲ್ ಮಾಡಿಸಿದ ಕಂಪ್ಯೂಟರ್, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. ಪಕ್ಕದ ರೂಮಿನಲ್ಲಿ ಚಿತ್ರದುರ್ಗದ ಗೆಳೆಯ, ಅವನ ಹತ್ತಿರವೂ ಒಂದು ಕಂಪ್ಯೂಟರ್. ಇಬ್ಬರೂ ಒಂದೇ ವಾರ 'ವಿಚರ್ 2' ಅನ್ನೋ, ಕಥೆಯ ನಡುವೆ ನಾವೇ ನಿರ್ಧಾರ ತಗೊಳ್ಳೋ ಗೇಮ್ ಶುರು ಮಾಡಿದೆವು. ಹಗಲು ಅವರವರ ರೂಮಿನಲ್ಲಿ ಆಡೋದು, ಸಂಜೆ ದೋಸೆ ಹೋಟೆಲಿನಲ್ಲಿ ಕೂತು ಎಲ್ಲಿವರೆಗೆ ಬಂತು ಅಂತ ಮಾತಾಡೋದು.

ಮೊದಲ ಅಧ್ಯಾಯದ ಕೊನೆ ಹತ್ತಿರ ಒಂದು ಜಾಗ ಇದೆ. ಇಯೋರ್ವೆತ್ ಅನ್ನೋ ಬಂಡಾಯಗಾರನನ್ನು ಸೈನಿಕರು ಸುತ್ತುವರಿದಿದ್ದಾರೆ, ಅವನು ತನ್ನ ಕತ್ತಿ ಕೇಳುತ್ತಾನೆ. ನಾನು ಕೊಡಲಿಲ್ಲ. ಆಮೇಲೂ ಅವನನ್ನು ಹಿಡಿಯೋಕೆ ಬಂದ ರೋಷ್ ಕಡೆಯೇ ನಿಂತೆ. ಅಷ್ಟೆ, ಅದರ ಬಗ್ಗೆ ಜಾಸ್ತಿ ಯೋಚನೆ ಮಾಡಲಿಲ್ಲ.

ನಾಲ್ಕು ದಿನ ಬಿಟ್ಟು ದೋಸೆ ಮುಂದೆ ಕೂತಾಗ ನಾನು ಸೈನ್ಯದ ಬಿಡಾರ, ಡೇರೆಗಳು, ಹೆನ್ಸೆಲ್ಟ್ ರಾಜ ಅಂತ ಹೇಳ್ತಾ ಇದ್ದೇನೆ, ಅವನು "ಯಾವ ಬಿಡಾರ ಮಾರಾಯ, ನಾನು ಇರೋದು ಕುಳ್ಳರ ಊರಲ್ಲಿ, ಅಲ್ಲಿ ಬರೀ ಕಲ್ಲಿನ ಮನೆ" ಅಂತಾನೆ. ಒಬ್ಬರಿಗೊಬ್ಬರು ಸುಳ್ಳು ಹೇಳ್ತಿದ್ದೇವೆ ಅಂದುಕೊಂಡೆವು. ಪಲ್ಯ ಆರಿಹೋಯಿತು. ಬೆಣ್ಣೆ ಕರಗಿ ತಟ್ಟೆ ಅಂಚಿಗೆ ಬಂದು ನಿಂತಿತ್ತು, ಯಾರೂ ಮುಟ್ಟಲಿಲ್ಲ. ಕೊನೆಗೆ ಅವನೇ ಹೇಳಿದ, "ನಾನು ಕತ್ತಿ ಕೊಟ್ಟೆ, ಆಮೇಲೂ ಇಯೋರ್ವೆತ್ ಕಡೆಯೇ ನಿಂತೆ."

ಆಗ ಅರ್ಥ ಆಯಿತು. ಯಾರ ಕಡೆ ನಿಂತೆವು ಅನ್ನೋ ಒಂದು ನಿರ್ಧಾರಕ್ಕೆ ಇಡೀ ಎರಡನೇ ಅಧ್ಯಾಯವೇ ಬೇರೆಯಾಗಿದೆ. ಊರು ಬೇರೆ, ಜನ ಬೇರೆ. ನಾನು ಕೂತಿರೋ ಬಿಡಾರದ ಸೈನ್ಯ ಮುತ್ತಿಗೆ ಹಾಕೋಕೆ ಹೊರಟಿರೋದು ಅವನು ಕೂತಿರೋ ಊರಿಗೆ! ದುರ್ಗದವನಲ್ವಾ, "ನಾನು ಓಬವ್ವನ ಕಿಂಡಿ ಒಳಗಿದ್ದೀನಿ, ನೀನು ಹೊರಗೆ ಹೈದರಾಲಿ ಸೈನ್ಯದಲ್ಲಿದ್ದೀಯ" ಅಂದ. ಗೇಮ್ ಬಗ್ಗೆ ಅಷ್ಟು ಚೆನ್ನಾಗಿ ಹೇಳಿದ ಮಾತು ನಾನು ಆಮೇಲೆ ಕೇಳಿಲ್ಲ.

ಅವತ್ತು ರಾತ್ರಿ ಹೊಸದಾಗಿ ಶುರು ಮಾಡಿ ಕತ್ತಿ ಕೊಟ್ಟು ನೋಡಬೇಕಿತ್ತು. ನಾನು ಮಾಡಿದ್ದು ಬೇರೆ. ಎಷ್ಟೆಲ್ಲ ಮಿಸ್ ಆಗಿದೆಯೋ ಅಂತ ಹೊಟ್ಟೆಯಲ್ಲಿ ಸಂಕಟ. ಮಾರನೇ ದಿನ ಸೈಬರ್ ಸೆಂಟರಿಗೆ ಹೋಗಿ ಇಡೀ ಗೇಮಿನ ಗೈಡ್ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದೆ. ಎರಡೂ ದಾರಿ, ಪ್ರತಿ ಮಾತಿಗೂ ಏನು ಉತ್ತರ ಕೊಟ್ಟರೆ ಏನಾಗುತ್ತೆ, ಎಲ್ಲಾ ಇತ್ತು. ಒಳ್ಳೆ ಫಲ ಕೊಡೋ ಉತ್ತರಕ್ಕೆ ಹಸಿರು ಸ್ಕೆಚ್ ಪೆನ್, ಕೆಟ್ಟದ್ದಕ್ಕೆ ಕೆಂಪು.

ಇದರಲ್ಲಿ ತಪ್ಪೇನು ಅಂತ ನಿಮಗೆ ಈಗ ಅನಿಸಬಹುದು, ಅದಕ್ಕೇ ಬಿಡಿಸಿ ಹೇಳ್ತೀನಿ. ಪುಸ್ತಕ ತೊಡೆ ಮೇಲೆ ಇದ್ದಾಗ ಎದುರಿಗಿರೋನು ಏನು ಹೇಳ್ತಿದ್ದಾನೆ ಅಂತ ನಾನು ಕೇಳಿಸಿಕೊಳ್ಳಲೇ ಇಲ್ಲ. ಅವನನ್ನು ನಂಬಬೇಕಾ ಬೇಡ್ವಾ ಅಂತ ಅವನ ಮಾತಿನಿಂದ ತಿಳಿಯಬೇಕು, ನನಗೆ ಹಸಿರು ಗೆರೆಯಿಂದ ತಿಳಿಯುತ್ತಿತ್ತು. ಗೇಮ್ ಕೊಟ್ಟ ಸ್ವಾತಂತ್ರ್ಯವನ್ನೆಲ್ಲ ನಾನೇ ಪುಸ್ತಕಕ್ಕೆ ಒಪ್ಪಿಸಿದ್ದೆ. ಇನ್ನೊಂದು ದಾರಿಯನ್ನೂ ಪೂರ್ತಿ ಓದಿ ಮುಗಿಸಿದ್ದರಿಂದ ಎರಡನೇ ಸಲ ಆಡೋಕೆ ಏನೂ ಉಳಿಯಲಿಲ್ಲ. ವರ್ಷಗಟ್ಟಲೆ ಬಾಳಬೇಕಾದ ಗೇಮ್ ಹತ್ತು ದಿನಕ್ಕೆ ಮುಗಿದುಹೋಯಿತು.

ಅದಕ್ಕಿಂತ ಜಾಸ್ತಿ ನೋವಾದದ್ದು ಇದು. ಗೆಳೆಯ ಒಂದು ಸಂಜೆ ಓಡಿಬಂದು ಅವನ ದಾರಿಯ ದೊಡ್ಡ ಗುಟ್ಟೊಂದನ್ನು ಹೇಳೋಕೆ ಶುರು ಮಾಡಿದ, ನಾನು ಅರ್ಧಕ್ಕೇ "ಗೊತ್ತು" ಅಂತ ಉಳಿದದ್ದನ್ನು ನಾನೇ ಹೇಳಿ ಮುಗಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ಆಡಿದ್ದಾ, ಓದಿದ್ದಾ?" ಅಂತ ಕೇಳಿದ. ಆಮೇಲೆ ದೋಸೆ ಹೋಟೆಲಿಗೆ ಹೋಗುತ್ತಿದ್ದೆವು, ಗೇಮ್ ವಿಷಯ ಮಾತ್ರ ಅವನು ಎತ್ತಲಿಲ್ಲ.

ಈಗ ನಿಮ್ಮ ಪ್ರಶ್ನೆ. ದೊಡ್ಡ ಮ್ಯಾಪಾ ನೇರ ಕಥೆಯಾ ಅಂತ ಕೇಳೋದೇ ಸರಿಯಲ್ಲ. 'ಸ್ಕೈರಿಮ್' ಅನ್ನೋ ಓಪನ್ ವರ್ಲ್ಡ್ ಗೇಮಿನ ಮ್ಯಾಪ್ ತುಂಬಾ ದೊಡ್ಡದು. ಅದರಲ್ಲಿ ಕತ್ತಿ ಬೀಸೋನೇ ಮಾಂತ್ರಿಕರ ಕಾಲೇಜಿನ ಮುಖ್ಯಸ್ಥನೂ ಆಗಬಹುದು, ಕಳ್ಳರ ಗುಂಪಿನ ನಾಯಕನೂ ಆಗಬಹುದು, ಎಲ್ಲಾ ಒಂದೇ ಆಟದಲ್ಲಿ. ನಾನು ಹಾಗೇ ಮಾಡಿದೆ. ಎರಡನೇ ಸಲ ಬೇರೆ ಜನಾಂಗ ಆರಿಸಿಕೊಂಡು ಶುರು ಮಾಡಿದರೆ ಮಾಡೋಕೆ ಹೊಸದೇನೂ ಸಿಗಲಿಲ್ಲ. ಮಾಡ್, ಅಂದರೆ ಆಟಗಾರರೇ ಮಾಡಿ ಸೇರಿಸೋ ಹೊಸ ಭಾಗಗಳನ್ನು ಹಾಕಿಕೊಂಡು ವರ್ಷಗಟ್ಟಲೆ ಆಡೋರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಮತ್ತೆ ಬಾ ಅಂತ ಕರೆಯೋದು ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿಕೊಳ್ಳೋ ಗೇಮ್. ನಮ್ಮಜ್ಜಿ ಚೌಕಾಬಾರ ಆಡುತ್ತಿದ್ದದ್ದು ಐದೈದು ಮನೆಯ ಪಟದಲ್ಲಿ, ಜೀವನಪೂರ್ತಿ ಅದೇ ಪಟ. ಬಿದ್ದ ಕವಡೆ ಎತ್ತಿ ಮತ್ತೆ ಹಾಕೋಕೆ ಹೋದರೆ ಮಾತ್ರ ಕೈಗೆ ಹೊಡೆಯುತ್ತಿದ್ದರು.

ನೀವು 'ಫಾಲ್‌ಔಟ್ ನ್ಯೂ ವೇಗಸ್' ತಗೊಳ್ಳಿ. 2010ರ ಗೇಮ್, ಹಳೇ ಕಂಪ್ಯೂಟರಲ್ಲೂ ಓಡುತ್ತೆ, ಸೇಲ್ ಇದ್ದಾಗ ಕಾದು ಕೊಂಡರೆ ದುಡ್ಡೂ ಉಳಿಯುತ್ತೆ. ಶುರುವಿನ ಹಳ್ಳಿಯಿಂದ ನೇರ ಉತ್ತರಕ್ಕೆ ವೇಗಸ್ ನಗರದ ಕಡೆ ನಡೆಯೋಕೆ ಯಾರೂ ತಡೆಯಲ್ಲ, ಆದರೆ ದಾರಿಯಲ್ಲಿರೋ ಪ್ರಾಣಿಗಳು ಎರಡೇ ಏಟಿಗೆ ಮಲಗಿಸುತ್ತವೆ. ಕಥೆ ಮುಗಿಸೋಕೆ ಮುಖ್ಯವಾಗಿ ನಾಲ್ಕು ದಾರಿ ಇವೆ, ಒಂದು ಪಕ್ಷದ ಜೊತೆ ತುಂಬಾ ಮುಂದೆ ಹೋದರೆ ಎದುರಾಳಿ ಪಕ್ಷಗಳು ಕೈತಪ್ಪುತ್ತವೆ. ಶುರುವಿನಲ್ಲಿ ನಿಮ್ಮ ಪಾತ್ರಕ್ಕೆ ಬುದ್ಧಿಯ ಅಂಕ ತೀರಾ ಕಡಿಮೆ ಕೊಟ್ಟರೆ ನೀವು ಆಡೋ ಮಾತುಗಳೇ ಕೆಲವು ಕಡೆ ಬದಲಾಗುತ್ತವೆ.

ಸೇವ್ ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ಕರೆಂಟ್ ಹೋಗುತ್ತೆ, ಗೇಮ್ ಕ್ರ್ಯಾಶ್ ಆಗುತ್ತೆ. ಆದರೆ ನಿರ್ಧಾರ ತಪ್ಪಾಯಿತು ಅಂತ ಹಿಂದೆ ಹೋಗಬೇಡಿ. ಗೈಡ್ ತೆರೆಯಲೇಬೇಡಿ, ಒಂದು ಸಲ ಪೂರ್ತಿ ಮುಗಿಯೋವರೆಗೆ. ಗೆಳೆಯರಿದ್ದರೆ ಅವರಿಗೂ ಅದೇ ಗೇಮ್ ಆಡೋಕೆ ಹೇಳಿ. ಮುಗಿದ ಮೇಲೆ ಯಾರ ಕಡೆ ನಿಂತಿರಿ, ಯಾಕೆ ನಿಂತಿರಿ ಅಂತ ಇಲ್ಲೇ ಬಂದು ಬರೆಯಿರಿ, ನಾನು ಪೂರ್ತಿ ಓದ್ತೀನಿ. ಅರ್ಧಕ್ಕೆ "ಗೊತ್ತು" ಅನ್ನಲ್ಲ.