ಗಿರಾಕಿ ಗೂಗಲ್‌ನಲ್ಲಿ ಏನಂತ ಹುಡುಕ್ತಾರೆ?

ಓದುಗರ ಪ್ರಶ್ನೆಗೆ ಉತ್ತರ. ಈ ಸಲದ ವಿಷಯ ಕೀವರ್ಡ್ ರಿಸರ್ಚ್, ಅಂದರೆ ಜನ ಯಾವ ಪದ ಹಾಕಿ ಹುಡುಕುತ್ತಾರೆ ಎಂದು ತಿಳಿದುಕೊಂಡು ಅದಕ್ಕೆ ತಕ್ಕಂತೆ ವೆಬ್‌ಸೈಟಿನ ಪುಟ ಬರೆಯುವುದು. ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮದೇ ಆಲೆಮನೆ ಇದೆ. ರಾಸಾಯನಿಕ ಹಾಕದ ಬೆಲ್ಲ ಮಾರೋಕೆ ವೆಬ್‌ಸೈಟ್ ಮಾಡಿಸಿದ್ದೀವಿ. ಮಾಡಿಕೊಟ್ಟ ಹುಡುಗ ‘ಮೊದಲು ಕೀವರ್ಡ್ ರಿಸರ್ಚ್ ಮಾಡಿ’ ಅಂದ. ಎಲ್ಲಿಂದ ಶುರು ಮಾಡಬೇಕು? ದುಡ್ಡು ಕೊಟ್ಟು ಟೂಲ್ ತಗೋಬೇಕಾ?
— ಬೆಲ್ಲ ತಯಾರಕರು, ಪಾಂಡವಪುರ ತಾಲ್ಲೂಕು

ಟೂಲ್ ಸದ್ಯಕ್ಕೆ ಬೇಡ. ಮೊದಲು ನಿಮ್ಮ ವಾಟ್ಸಾಪ್ ತೆಗೆಯಿರಿ. ಹೋದ ಎರಡು ಮೂರು ತಿಂಗಳಲ್ಲಿ ಗಿರಾಕಿಗಳು ಕೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಶೀಟಿಗೆ ಇಳಿಸಿ. ‘ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ’, ‘ಪುಡಿ ಬೆಲ್ಲ 1 ಕೆಜಿ ಎಷ್ಟು’, ‘ಜೋನಿ ಬೆಲ್ಲ ಇದೆಯಾ’, ‘ಹೈಡ್ರೋಸ್ ಹಾಕಿಲ್ಲ ಅಂತ ಗೊತ್ತಾಗೋದು ಹೇಗೆ’ (ಬೆಲ್ಲದ ಬಣ್ಣ ತಿಳಿಯಾಗಲು ಹಾಕುವ ರಾಸಾಯನಿಕ), ‘ಬೆಂಗಳೂರಿಗೆ ಕಳಿಸ್ತೀರಾ’. ನೀವು ‘ಸಾವಯವ ಉತ್ಪನ್ನ’ ಎಂದು ಬರೆದುಕೊಂಡಿರಬಹುದು, ಕೊಳ್ಳುವವರು ‘ಕೆಮಿಕಲ್ ಇಲ್ಲದ ಬೆಲ್ಲ’ ಅನ್ನುತ್ತಾರೆ. ಶೀಟಿನಲ್ಲಿ ಅವರ ಮಾತೇ ಇರಲಿ. ಮೂವತ್ತು ನಲವತ್ತು ಸಾಲಾದರೆ ಶುರುವಿಗೆ ಸಾಕು.

ಆಮೇಲೆ ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಗೂಗಲ್‌ನಲ್ಲಿ ‘ಬೆಲ್ಲ’ ಎಂದು ಟೈಪ್ ಮಾಡಿ, ಎಂಟರ್ ಒತ್ತದೆ ಒಂದು ಜಾಗ ಬಿಟ್ಟು ‘ಅ’, ‘ಕ’, ‘ತ’, ‘ಮ’ ಹೀಗೆ ಒಂದೊಂದೇ ಅಕ್ಷರ ಸೇರಿಸಿ ನೋಡಿ. ಕೆಳಗೆ ಇಳಿಯುವ ಸಲಹೆಗಳು ಜನ ನಿಜವಾಗಿ ಹುಡುಕಿದ್ದರಿಂದ ಹುಟ್ಟಿದವು. ಕರ್ಸರನ್ನು ಪದದ ಶುರುವಿಗೆ ತಂದು ಅಲ್ಲಿ ಅಕ್ಷರ ಸೇರಿಸಿದರೆ ಬೇರೆ ಪಟ್ಟಿ ಬರುತ್ತದೆ. ಇದನ್ನೇ ಇಂಗ್ಲಿಷ್ ಪದದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲೂ ಮಾಡಿ. ಇನ್‌ಕಾಗ್ನಿಟೊದಲ್ಲಿ ನಿಮ್ಮ ಹಳೆಯ ಹುಡುಕಾಟದ ಪ್ರಭಾವ ಇರುವುದಿಲ್ಲ, ಆದರೆ ನೀವಿರುವ ಊರಿನ ಪ್ರಭಾವ ಹೋಗುವುದಿಲ್ಲ. ಬೆಂಗಳೂರಿನಲ್ಲಿ ನೆಂಟರಿದ್ದರೆ ಅವರ ಫೋನಿನಲ್ಲೂ ಒಮ್ಮೆ ನೋಡಿಸಿ. ಫಲಿತಾಂಶದ ಪುಟದಲ್ಲಿ ‘ಜನರು ಇದನ್ನೂ ಕೇಳುತ್ತಾರೆ’ ಎಂಬ ಪೆಟ್ಟಿಗೆ, ತೀರಾ ಕೆಳಗೆ ಸಂಬಂಧಪಟ್ಟ ಹುಡುಕಾಟಗಳು ಇರುತ್ತವೆ. ಅವನ್ನೂ ಶೀಟಿಗೆ ಹಾಕಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪದ ಸಿಕ್ಕಿತು ಎಂದು ಬರೆಯಲು ಕೂರಬೇಡಿ. ಒಂದೊಂದನ್ನೂ ಹುಡುಕಿ ಮೊದಲ ಹತ್ತು ಫಲಿತಾಂಶ ಏನು ತೋರಿಸುತ್ತಿವೆ ನೋಡಿ. ಬರೀ ‘ಬೆಲ್ಲ’ ಎಂದು ಹುಡುಕುವವರಲ್ಲಿ ಶಾಲೆಯ ಪ್ರಾಜೆಕ್ಟಿಗೆ ಬೇಕಾದವರಿದ್ದಾರೆ, ಆರೋಗ್ಯಕ್ಕೆ ಒಳ್ಳೆಯದಾ ಎಂದು ಕೇಳುವವರಿದ್ದಾರೆ, ಕೊಳ್ಳುವವರು ಕಡಿಮೆ. ‘ಮಂಡ್ಯ ಬೆಲ್ಲದ ರೇಟ್ ಇವತ್ತು’ ನಿಮ್ಮ ಊರಿನ ಪದವೇ, ಆದರೆ ಅದನ್ನು ಹುಡುಕುವ ರೈತರಿಗೂ ವ್ಯಾಪಾರಿಗಳಿಗೂ ಬೇಕಿರುವುದು ಎಪಿಎಂಸಿ ಧಾರಣೆ. ನಿಮ್ಮ ಅರ್ಧ ಕೆಜಿ ಡಬ್ಬಿಯ ಬೆಲೆ ಕಂಡರೆ ತಕ್ಷಣ ವಾಪಸ್ ಹೋಗುತ್ತಾರೆ. ‘ಕೆಮಿಕಲ್ ಇಲ್ಲದ ಬೆಲ್ಲ ಗುರುತಿಸೋದು ಹೇಗೆ’ ಎಂಬ ಹುಡುಕಾಟಕ್ಕೆ ಫಲಿತಾಂಶದಲ್ಲಿ ಲೇಖನ, ವಿಡಿಯೊಗಳಿದ್ದರೆ ನೀವೂ ಲೇಖನ ಬರೆಯಿರಿ, ಫೋಟೊ ಹಾಕಿ. ‘ಜೋನಿ ಬೆಲ್ಲ ಆನ್‌ಲೈನ್’ಗೆ ಮಾರುವ ಪುಟಗಳೇ ಇದ್ದರೆ ಬೆಲೆ, ತೂಕ, ಕಳಿಸುವ ಖರ್ಚು ಇರುವ ಮಾರಾಟದ ಪುಟವೇ ಬೇಕು, ಲೇಖನ ಅಲ್ಲಿಗೆ ಏರುವುದು ಕಷ್ಟ.

ಕೊನೆಗೆ ಗುಂಪು ಮಾಡಿ. ಎರಡು ಪದ ಹುಡುಕಿದಾಗ ಮೊದಲ ಹತ್ತರಲ್ಲಿ ನಾಲ್ಕೈದು ಪುಟ ಅವೇ ಬಂದರೆ ಎರಡಕ್ಕೂ ಒಂದೇ ಪುಟ ಸಾಕು. ಫಲಿತಾಂಶ ಬೇರೆ ಬೇರೆಯಾದರೆ ಬೇರೆ ಪುಟ. ಶೀಟಿನಲ್ಲಿ ನಾಲ್ಕು ಕಾಲಂ ಇರಲಿ: ಪದ, ಹುಡುಕುವವರಿಗೆ ಬೇಕಾದ್ದೇನು, ಎಂಥ ಪುಟ, ನಮ್ಮ ಯಾವ ಪುಟ. ಕೊನೆಯ ಕಾಲಂ ಖಾಲಿ ಇರುವ ಸಾಲುಗಳೇ ನಿಮ್ಮ ಮುಂದಿನ ಕೆಲಸ.

ಮೈಸೂರಿನಲ್ಲಿ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸುತ್ತೇವೆ. ಗೂಗಲ್ ಕೀವರ್ಡ್ ಪ್ಲಾನರ್ (ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ಅಂದಾಜು ಕೊಡುವ ಟೂಲ್) ‘100ರಿಂದ 1 ಸಾವಿರ’ ಎಂದಷ್ಟೇ ತೋರಿಸುತ್ತದೆ, ಕೆಲವಕ್ಕೆ ಅಂಕಿಯೇ ಇಲ್ಲ. ಪಕ್ಕದಲ್ಲಿ ಸ್ಪರ್ಧೆ ‘ಕಡಿಮೆ’ ಅನ್ನುತ್ತೆ. ಹಾಗಾದರೆ ಸುಲಭವಾಗಿ ಮೇಲೆ ಬರಬಹುದಾ?
— ವಿಜಯನಗರ, ಮೈಸೂರು

ಇಲ್ಲ. ಆ ‘ಸ್ಪರ್ಧೆ’ ಕಾಲಂ ಜಾಹೀರಾತು ಕೊಡುವವರದ್ದು. ಆ ಪದಕ್ಕೆ ಎಷ್ಟು ಜನ ದುಡ್ಡು ಕೊಟ್ಟು ಜಾಹೀರಾತು ಹಾಕುತ್ತಿದ್ದಾರೆ ಎಂಬುದನ್ನು ಹೇಳುತ್ತದೆ, ಪುಕ್ಕಟೆ ಫಲಿತಾಂಶದಲ್ಲಿ ಮೇಲೆ ಬರುವುದು ಎಷ್ಟು ಕಷ್ಟ ಎಂಬುದನ್ನಲ್ಲ. ಪ್ಲಾನರ್ ಇರುವುದೇ ಗೂಗಲ್ ಆಡ್ಸ್ ಗ್ರಾಹಕರಿಗಾಗಿ. ಜಾಹೀರಾತಿಗೆ ಖರ್ಚು ಮಾಡದ ಖಾತೆಗಳಿಗೆ ಸಾಮಾನ್ಯವಾಗಿ ಇಂಥ ಅಗಲವಾದ ಅಂದಾಜೇ ಸಿಗುವುದು. ‘ಮೈಸೂರು ಹೋಮ್‌ಸ್ಟೇ’ಗೂ ‘ಹೋಮ್‌ಸ್ಟೇ ಇನ್ ಮೈಸೂರು’ಗೂ ಒಂದೇ ಅಂಕಿ ಕಂಡರೆ ಕೂಡಿಸಬೇಡಿ. ಹತ್ತಿರದ ರೂಪಗಳನ್ನು ಅದು ಒಟ್ಟು ಮಾಡಿಯೇ ತೋರಿಸುತ್ತದೆ.

ಸ್ಥಳ ಏನೆಂದು ಹಾಕಿದ್ದೀರಿ, ನೋಡಿಕೊಳ್ಳಿ. ಮೈಸೂರು ಎಂದು ಹಾಕಿದ್ದರೆ ಮೈಸೂರಿನೊಳಗೆ ಕೂತು ಹುಡುಕಿದವರ ಲೆಕ್ಕ ಮಾತ್ರ ಬರುತ್ತದೆ. ನಿಮ್ಮಲ್ಲಿ ತಂಗುವವರು ಬೆಂಗಳೂರು, ಚೆನ್ನೈ, ಕೋಯಿಕ್ಕೋಡ್‌ನಲ್ಲಿ ಕೂತು ಹುಡುಕುವವರು. ಸ್ಥಳವನ್ನು ಕರ್ನಾಟಕ, ತಮಿಳುನಾಡು, ಕೇರಳ ಎಂದು ಬದಲಿಸಿ ಮತ್ತೆ ನೋಡಿ, ಅಂಕಿಯೇ ಇಲ್ಲದ ಪದಕ್ಕೂ ಅಂಕಿ ಬರಬಹುದು. ಬರದಿದ್ದರೂ ಆ ಪದವನ್ನು ಕೈಬಿಡಬೇಡಿ. ‘ಚಾಮುಂಡಿ ಬೆಟ್ಟದ ಹತ್ತಿರ ಅಡುಗೆಮನೆ ಇರುವ ಹೋಮ್‌ಸ್ಟೇ’ ಎಂದು ಹುಡುಕುವವರು ತಿಂಗಳಿಗೆ ಬೆರಳೆಣಿಕೆಯಷ್ಟೇ ಇದ್ದರೂ ಅವರು ಬುಕ್ ಮಾಡಲೆಂದೇ ಹುಡುಕುತ್ತಿರುತ್ತಾರೆ. ನಾಲ್ಕು ರೂಮು ತುಂಬಲು ಸಾವಿರ ಜನ ಬೇಕಿಲ್ಲ.

ಪ್ಲಾನರಿನ ಮುಖ್ಯ ಅಂಕಿ ಹನ್ನೆರಡು ತಿಂಗಳ ಸರಾಸರಿ. ದಸರಾ ಹುಡುಕಾಟ ವರ್ಷದಲ್ಲಿ ಕೆಲವೇ ವಾರ ಉಕ್ಕುವಂಥದ್ದು, ಸರಾಸರಿಯಲ್ಲಿ ಅದು ಸಪ್ಪೆಯಾಗಿ ಕಾಣುತ್ತದೆ. ಏರಿಳಿತ ನೋಡಲು ಗೂಗಲ್ ಟ್ರೆಂಡ್ಸ್‌ನಲ್ಲಿ ಐದು ವರ್ಷದ ಅವಧಿ ಹಾಕಿ. ಅಲ್ಲಿ ಕಾಣುವ 0ರಿಂದ 100 ಹುಡುಕಾಟದ ಎಣಿಕೆಯಲ್ಲ, ಆ ಅವಧಿಯ ತುತ್ತತುದಿಯನ್ನು 100 ಎಂದಿಟ್ಟುಕೊಂಡ ಅಳತೆ. ಹಬ್ಬದ ತಾರೀಕು ಜಾರುವುದನ್ನೂ ಗಮನದಲ್ಲಿಡಿ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ. ಹಾಗಾಗಿ ‘ಅಕ್ಟೋಬರ್ ಬಂದಾಗ ನೋಡೋಣ’ ಎಂದರೆ ಕೆಲವು ವರ್ಷ ಜಂಬೂಸವಾರಿ ಮುಗಿದೇ ಹೋಗಿರುತ್ತದೆ. ದಸರಾ ಪುಟವನ್ನು ಆಷಾಢದ ಹೊತ್ತಿಗೆ ಹಾಕಿಬಿಡಿ. ಅದರ ವಿಳಾಸದಲ್ಲಿ ಇಸವಿ ಸೇರಿಸಬೇಡಿ. ಅದೇ ಪುಟದಲ್ಲಿ ವರ್ಷವರ್ಷ ತಾರೀಕು, ದರ ಬದಲಿಸಿಕೊಂಡು ಹೋದರೆ ಹಿಂದಿನ ವರ್ಷ ಗಳಿಸಿದ ಬಲ ಉಳಿಯುತ್ತದೆ. ಹೊಸ ಪುಟ ಮಾಡಿದರೆ ಪ್ರತಿ ಸಲವೂ ಮೊದಲಿನಿಂದ ಶುರು.

ಗೋಕುಲಂನಲ್ಲಿ ಯೋಗ ತರಗತಿ ಶುರು ಮಾಡಿದ್ದೇನೆ. ‘ಮೈಸೂರು ಯೋಗ’ ಪದಕ್ಕೆ ಹುಡುಕಾಟ ಬಹಳ ಇದೆ. ಅದಕ್ಕೇ ಗುರಿ ಇಡಲಾ?
— ಯೋಗ ಶಿಕ್ಷಕಿ, ಮೈಸೂರು

ಬೇಡ ಮೇಡಂ. ಅಷ್ಟಾಂಗ ಯೋಗದಲ್ಲಿ ‘ಮೈಸೂರು ಸ್ಟೈಲ್’ ಎನ್ನುವುದು ಅಭ್ಯಾಸದ ಒಂದು ಪದ್ಧತಿಯ ಹೆಸರು. ಗುರುವಿನ ಎಣಿಕೆಗೆ ಎಲ್ಲರೂ ಒಟ್ಟಿಗೆ ಮಾಡದೆ ಒಬ್ಬೊಬ್ಬರು ತಮ್ಮ ಗತಿಯಲ್ಲಿ ಮಾಡುವುದು. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಕೂತು ಅದನ್ನು ಹುಡುಕುವವರಿಗೆ ಬೇಕಿರುವುದು ತಮ್ಮ ಬೀದಿಯ ತರಗತಿ, ಗೋಕುಲಂನದ್ದಲ್ಲ. ‘ಗೋಕುಲಂ ಯೋಗ ಒಂದು ತಿಂಗಳ ಕೋರ್ಸ್’, ‘ಮೈಸೂರಿನಲ್ಲಿ ಯೋಗ, ಮಹಿಳೆಯರಿಗೆ, ಬೆಳಿಗ್ಗೆ’ ಇಂಥವು ನಿಮ್ಮ ಪದಗಳು. ವಿದೇಶದಿಂದ ಬರುವವರಿಗೆ ಇಂಗ್ಲಿಷ್ ಪುಟ, ಊರಿನವರಿಗೆ ಕನ್ನಡ ಪುಟ, ಎರಡೂ ಬೇರೆ ಬೇರೆ ಇರಲಿ.

ಕನ್ನಡದಲ್ಲಿ ಅಡುಗೆ ಬರೆಯುತ್ತೇನೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಇಡಬೇಕೋ ಕಂಗ್ಲಿಷ್‌ನಲ್ಲೋ? ಮೈಸೂರ್ ಪಾಕ್, ಮೈಸೂರು ಪಾಕ್, ಮೈಸೂರುಪಾಕ ಎಲ್ಲವನ್ನೂ ಹಾಕಬೇಕಾ?
— ಗೃಹಿಣಿ, ಶ್ರೀರಂಗಪಟ್ಟಣ

ಲೇಖನ ಕನ್ನಡದಲ್ಲಿದ್ದರೆ ಶೀರ್ಷಿಕೆಯೂ ಕನ್ನಡ ಲಿಪಿಯಲ್ಲೇ ಇರಲಿ. ಒಂದು ಬರಹದ ರೂಪವನ್ನು ಶೀರ್ಷಿಕೆಗೆ ಆರಿಸಿಕೊಳ್ಳಿ, ಇನ್ನೊಂದು ಒಳಗೆ ಎಲ್ಲಾದರೂ ಸಹಜವಾಗಿ ಬಂದರೆ ಬರಲಿ. ಎಲ್ಲ ರೂಪಗಳನ್ನೂ ಕೊನೆಯಲ್ಲಿ ಸಾಲಾಗಿ ಪೇರಿಸುವುದನ್ನು ಗೂಗಲ್ ಸ್ಪ್ಯಾಮ್ ಎಂದೇ ಎಣಿಸುತ್ತದೆ. ಆರಿಸುವ ಮುಂಚೆ ಒಂದೊಂದು ರೂಪವನ್ನೂ ಹುಡುಕಿ ಫಲಿತಾಂಶ ಹೋಲಿಸಿ. ಒಂದೇ ಪುಟಗಳು ಬಂದರೆ ಗೂಗಲ್‌ಗೆ ಅವು ಒಂದೇ ಎಂದು ಅರ್ಥವಾಗಿದೆ, ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ಮೈಸೂರಿನ ಕಾಗುಣಿತ 2014ರ ನವೆಂಬರ್ 1ರಂದು Mysore ಹೋಗಿ Mysuru ಎಂದು ಅಧಿಕೃತವಾಗಿ ಬದಲಾಯಿತು, ಆದರೂ ಹಳೆಯದನ್ನು ಟೈಪ್ ಮಾಡುವವರು ಈಗಲೂ ಇದ್ದಾರೆ. ಸಿಹಿಯ ಹೆಸರಿನಲ್ಲಂತೂ ಹಳೆಯ ಕಾಗುಣಿತವೇ ಚಾಲ್ತಿ.

ಕನ್ನಡಕ್ಕೇ ಸೇರಿದ ತೊಡಕು ವಿಭಕ್ತಿ. ‘ಮೈಸೂರು’, ‘ಮೈಸೂರಿನ’, ‘ಮೈಸೂರಿನಲ್ಲಿ’, ‘ಮೈಸೂರಲ್ಲಿ’ ಇವನ್ನು ಟೂಲುಗಳು ಬೇರೆ ಬೇರೆ ಪದವೆಂದು ಎಣಿಸುವುದುಂಟು, ಹುಡುಕಾಟ ನಾಲ್ಕು ಕಡೆ ಚೂರಾಗಿ ಒಂದೊಂದೂ ಸೊನ್ನೆಯಾಗಿ ಕಾಣುತ್ತದೆ. ಶೀಟಿನಲ್ಲಿ ನೀವೇ ಅವನ್ನು ಒಂದು ಸಾಲಿಗೆ ಸೇರಿಸಿಕೊಳ್ಳಿ. ಇನ್ನೊಂದು, ಫೋನಿಗೆ ಮಾತಾಡಿ ಹುಡುಕುವವರು ‘ಮಾಡುವ ವಿಧಾನ’ ಅನ್ನುವುದಿಲ್ಲ, ‘ಮಾಡೋದು ಹೇಗೆ’ ಅನ್ನುತ್ತಾರೆ. ಉಪಶೀರ್ಷಿಕೆಗಳಲ್ಲಿ ಆ ಆಡುಮಾತು ಇರಲಿ: ‘ಮೈಸೂರು ಪಾಕ್ ಗಟ್ಟಿ ಆಗೋದು ಯಾಕೆ’, ‘ಪಾಕ ಯಾವ ಹದಕ್ಕೆ ಬರಬೇಕು’.

ಲೇಖನವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದರೆ ಈ ಯಾವ ಕೆಲಸವೂ ಫಲ ಕೊಡುವುದಿಲ್ಲ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಪುಟದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಅಲ್ಲಿ ಕನ್ನಡವಾಗಿ ಕಂಡರೆ ಸರಿ, ಇಲ್ಲದಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ.

ವೆಬ್‌ಸೈಟ್ ನೋಡಿಕೊಳ್ಳುವವರು ‘ಮೆಟಾ ಕೀವರ್ಡ್’ ಜಾಗದಲ್ಲಿ (ಓದುವವರಿಗೆ ಕಾಣದ, ಪುಟದ ಕೋಡಿನೊಳಗಿನ ಪದಪಟ್ಟಿ) 50 ಪದ ತುಂಬಿ ಅದಕ್ಕೇ ಬಿಲ್ ಹಾಕಿದ್ದಾರೆ. ಉಪಯೋಗ ಇದೆಯಾ?
— ಬಟ್ಟೆ ಅಂಗಡಿ, ಮಂಡ್ಯ

ಗೂಗಲ್ ಮಟ್ಟಿಗೆ ಇಲ್ಲ. ಪುಟಗಳನ್ನು ಶ್ರೇಣೀಕರಿಸಲು ಆ ಟ್ಯಾಗ್ ಬಳಸುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಅದೇ ದುಡ್ಡಿಗೆ ಪುಟಗಳ ಶೀರ್ಷಿಕೆ ಸರಿಮಾಡಿಸಿ. ಎಷ್ಟೋ ಅಂಗಡಿಗಳ ಮೊದಲ ಪುಟದ ಶೀರ್ಷಿಕೆ ಇವತ್ತಿಗೂ ‘ಹೋಮ್’ ಎಂದೇ ಇರುತ್ತದೆ.

ನರ್ಸರಿ ಇದೆ. ಗಿಡಗಳ ಬಗ್ಗೆ ಒಂದಿಪ್ಪತ್ತು ಲೇಖನ ಹಾಕಿ ಆರು ತಿಂಗಳಾಯಿತು. ಸರ್ಚ್ ಕನ್ಸೋಲ್ (ನಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಟೂಲ್) ಸೇರಿಸಿದ್ದೇವೆ, ಆದರೆ ಅದರಲ್ಲಿ ಏನು ನೋಡಬೇಕು ಗೊತ್ತಾಗುತ್ತಿಲ್ಲ.
— ನಂಜನಗೂಡು

ಈಗ ನಿಮ್ಮ ಕೈಲಿರುವುದು ಪ್ಲಾನರಿಗಿಂತ ಒಳ್ಳೆಯ ಸಾಮಾನು. ಅಲ್ಲಿರುವುದು ಅಂದಾಜು, ಇಲ್ಲಿರುವುದು ನಿಮ್ಮ ಪುಟ ನಿಜವಾಗಿ ಕಂಡ ಹುಡುಕಾಟ. ‘ಪರ್ಫಾರ್ಮೆನ್ಸ್’ ವರದಿ ತೆರೆದು ಅವಧಿಯನ್ನು ಮೂರು ತಿಂಗಳಿಗೆ ಇಡಿ. 16 ತಿಂಗಳವರೆಗಿನ ಮಾಹಿತಿ ಅದರಲ್ಲಿರುತ್ತದೆ. ಕ್ಲಿಕ್, ಇಂಪ್ರೆಷನ್ (ಫಲಿತಾಂಶದಲ್ಲಿ ನಿಮ್ಮ ಪುಟ ಎಷ್ಟು ಸಲ ಕಂಡಿತು), ಸರಾಸರಿ ಸ್ಥಾನ ಎಲ್ಲವನ್ನೂ ಆನ್ ಮಾಡಿ. ಸ್ಥಾನ 8ರಿಂದ 20ರ ನಡುವೆ ಇದ್ದು ಇಂಪ್ರೆಷನ್ ಚೆನ್ನಾಗಿರುವ ಪದಗಳನ್ನು ಆರಿಸಿ. ಮೊದಲ ಪುಟದ ಹೊಸ್ತಿಲಲ್ಲಿ ನಿಂತಿರುವವು ಇವೇ.

‘ಮಲ್ಲಿಗೆ ಗಿಡ ಹೂ ಬಿಡ್ತಿಲ್ಲ’ ಎಂಬುದು 12ನೇ ಸ್ಥಾನದಲ್ಲಿದೆ ಎಂದುಕೊಳ್ಳಿ. ಅದರ ಮೇಲೆ ಒತ್ತಿ ‘ಪೇಜಸ್’ಗೆ ಹೋದರೆ ಯಾವ ಪುಟ ಕಾಣುತ್ತಿದೆ ಗೊತ್ತಾಗುತ್ತದೆ. ಕಾಣುತ್ತಿರುವುದು ಮಲ್ಲಿಗೆಯ ತಳಿಗಳ ಬಗ್ಗೆ ಬರೆದ ಲೇಖನವಾದರೆ, ಹೂ ಬಿಡದಿರುವುದಕ್ಕೆ ಅದರಲ್ಲಿ ಒಂದೇ ಸಾಲಿನ ಉತ್ತರ ಇದ್ದೀತು. ಬಿಸಿಲು, ಸವರುವ ಕಾಲ, ಗೊಬ್ಬರ ಎಂದು ಆ ಭಾಗವನ್ನು ಬೆಳೆಸಿ, ಉಪಶೀರ್ಷಿಕೆ ಕೊಡಿ. ವಿಷಯ ದೊಡ್ಡದಿದ್ದರೆ ಪ್ರತ್ಯೇಕ ಲೇಖನ ಬರೆದು ಹಳೆಯದರಿಂದ ಕೊಂಡಿ ಹಾಕಿ. ಒಂದೇ ಪದಕ್ಕೆ ನಿಮ್ಮ ಎರಡು ಮೂರು ಪುಟ ಅದಲುಬದಲಾಗಿ ಕಾಣುತ್ತಿದ್ದರೆ ಅವು ಒಂದರ ಕಾಲನ್ನೊಂದು ಎಳೆಯುತ್ತಿರಬಹುದು. ವಿಷಯ ಒಂದೇ ಆಗಿದ್ದರೆ ಸೇರಿಸಿ ಒಂದು ಮಾಡಿ, ತೆಗೆದ ಪುಟದ ವಿಳಾಸವನ್ನು ಉಳಿದದ್ದಕ್ಕೆ 301 ರೀಡೈರೆಕ್ಟ್ ಮಾಡಿಸಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುವಂತೆ ಶಾಶ್ವತವಾಗಿ ತಿರುಗಿಸುವುದು.

ಸ್ಥಾನ 3, 4 ಇದ್ದೂ ಕ್ಲಿಕ್ ಬರದಿದ್ದರೆ ಮೊದಲು ಶೀರ್ಷಿಕೆ ನೋಡಿ, ಆಮೇಲೆ ಫಲಿತಾಂಶದ ಪುಟ ನೋಡಿ. ಮೇಲೆಯೇ ಗೂಗಲ್ ಉತ್ತರ ಕೊಟ್ಟುಬಿಟ್ಟಿದ್ದರೆ ಶೀರ್ಷಿಕೆ ಎಷ್ಟು ತಿದ್ದಿದರೂ ಕ್ಲಿಕ್ ಅಷ್ಟಕ್ಕಷ್ಟೇ. ಪದಗಳ ಕ್ಲಿಕ್ ಕೂಡಿಸಿದರೆ ಒಟ್ಟು ಅಂಕಿಗೆ ತಾಳೆಯಾಗುವುದಿಲ್ಲ ಎಂದು ಗಾಬರಿ ಬೇಡ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನಕ್ಕಾಗಿ ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ, ಒಟ್ಟು ಲೆಕ್ಕದಲ್ಲಿ ಅವು ಇರುತ್ತವೆ. ತಿದ್ದಿದ ಮೇಲೆ ಮರುದಿನವೇ ನೋಡುತ್ತಾ ಕೂರಬೇಡಿ, ನಾಲ್ಕಾರು ವಾರ ಬಿಟ್ಟು ಅಷ್ಟೇ ಅವಧಿಯ ಹಿಂದಿನ ಅಂಕಿಗೆ ಹೋಲಿಸಿ. ಆ ನಡುವೆ ಮಲ್ಲಿಗೆಯ ಸುಗ್ಗಿ ಶುರುವಾಗಿದ್ದರೆ ಏರಿಕೆ ನಿಮ್ಮ ತಿದ್ದುಪಡಿಯದೋ ಕಾಲದ್ದೋ ಹೇಳಲು ಬರುವುದಿಲ್ಲ. ಹಾಗಾಗಿ ಇಂಪ್ರೆಷನ್‌ಗಿಂತ ಸ್ಥಾನ ಬದಲಾಗಿದೆಯೇ ನೋಡುವುದು ಮೇಲು.

ವಾಟರ್ ಫಿಲ್ಟರ್ ರಿಪೇರಿ ಮಾಡ್ತೀನಿ. ‘ನಿಯರ್ ಮಿ’ (ನನ್ನ ಹತ್ತಿರ) ಅನ್ನೋ ಪದ ವೆಬ್‌ಸೈಟಲ್ಲಿ ಎಷ್ಟು ಸಲ ಹಾಕಬೇಕು?
— ಗುತ್ತಲು ರಸ್ತೆ, ಮಂಡ್ಯ

ಒಂದು ಸಲವೂ ಬೇಡ. ಹುಡುಕುವವರ ಫೋನ್ ಎಲ್ಲಿದೆ ಎಂಬುದನ್ನು ಗೂಗಲ್ ತಾನೇ ನೋಡಿಕೊಳ್ಳುತ್ತದೆ. ನಿಮಗೆ ವೆಬ್‌ಸೈಟಿಗಿಂತ ಮುಂಚೆ ಬೇಕಿರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ಕಾಣುವ ನಿಮ್ಮ ವ್ಯಾಪಾರದ ವಿವರ. ಅದು ಪುಕ್ಕಟೆ. ಕೆಲಸದ ವರ್ಗ ಸರಿಯಾಗಿ ಆರಿಸಿ, ಹೋಗಿ ರಿಪೇರಿ ಮಾಡುವ ಊರುಗಳನ್ನು ಸೇರಿಸಿ, ಸಮಯ, ಫೋನ್ ನಂಬರ್ ಹಾಕಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರಷ್ಟೇ ಇರಲಿ. ‘ಬೆಸ್ಟ್ ಫಿಲ್ಟರ್ ರಿಪೇರಿ ಮಂಡ್ಯ’ ಎಂದು ಪದ ಅಂಟಿಸಿದರೆ ಅದು ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು. ಸೇವೆಗಳ ಪಟ್ಟಿಯಲ್ಲಿ ಮಾತ್ರ ವಿವರವಾಗಿ ಬರೆಯಿರಿ: ಮೆಂಬ್ರೇನ್ ಬದಲಾವಣೆ, ಕ್ಯಾಂಡಲ್ ಬದಲಾವಣೆ, ಪಂಪ್ ರಿಪೇರಿ, ನೀರು ಸೋರುವುದು.