ಒಂದೇ ಕಾಯಿ ಎಷ್ಟು ಸಲ ಸುಲೀತೀರಿ ಮೇಸ್ತ್ರಿ?

ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಇಪ್ಪತ್ತೆಂಟು ವರ್ಷ ಗ್ಯಾರೇಜ್ ನಡೆಸಿದವನು ನಾನು. ಮಂಡಿ ಸವೆದ ಮೇಲೆ ಬೀಗದಕೈ ಶಿಷ್ಯನಿಗೆ ಕೊಟ್ಟೆ. ಈಗ ಅದೇ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನಿಮ್ಮ ಗಾಡಿ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಲೇಬರ್ ಚಾರ್ಜಿನ ಗೋಳೇ. ಮೈಲೇಜು, ಟೈರು ಅಂತ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನನ್ನದು 2014ರ ಸಣ್ಣ ಪೆಟ್ರೋಲ್ ಕಾರು. ದಿಬ್ಬ ಹತ್ತುವಾಗ ಇಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ತುಮಕೂರಿನ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಬಿಟ್ಟೆ. ಕ್ಲಚ್ ಸೆಟ್ 4,600, ಅದನ್ನು ಹಾಕಿದ ಲೇಬರ್ 3,400. ಇಂಜಿನ್ ಹಿಂದಿನ ಆಯಿಲ್ ಸೀಲ್ 280, ಅದರ ಲೇಬರ್ 1,900. ಲೇಬರ್ ಒಂದೇ 5,300 ಆಯಿತು, ಅದರ ಮೇಲೆ ಜಿಎಸ್‌ಟಿ 954. ನಮ್ಮೂರ ಮೆಕ್ಯಾನಿಕ್ ಕ್ಲಚ್ ಕೆಲಸಕ್ಕೆ 1,800 ಅಂದಿದ್ದ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆ ತಂದೆ. ನಮ್ಮ ಕಡೆ ಗಾರೆ ಮೇಸ್ತ್ರಿ ದಿನಕ್ಕೆ ಸಾವಿರ ಕೇಳಿದರೇ ಜಾಸ್ತಿ ಅನ್ನುತ್ತೇವೆ. ಒಂದು ದಿನದ ಕೆಲಸಕ್ಕೆ 5,300 ನ್ಯಾಯವಾ?
— ದಿನಸಿ ವ್ಯಾಪಾರಿ, ಶಿರಾ

ಉತ್ತರ: ಬಿಲ್ಲಿನ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಮೊದಲೇ ಹೇಳಿಬಿಡುತ್ತೇನೆ. 3,400 ಸರಿಯಾಗಿದೆ. 1,900 ಸರಿಯಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ನೀವು ನನ್ನ ಜೊತೆ ಗಾಡಿ ಕೆಳಗೆ ಬರಬೇಕು.

ಕ್ಲಚ್ ಪ್ಲೇಟ್ ಕೂತಿರುವುದು ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ನಿಮ್ಮಂಥ ಕಾರಿನಲ್ಲಿ ಅಲ್ಲಿಗೆ ಕೈ ಹೋಗಬೇಕಾದರೆ ಮೊದಲು ಬ್ಯಾಟರಿ ಮತ್ತು ಅದರ ಟ್ರೇ ತೆಗೆಯಬೇಕು. ಗೇರ್ ಆಯಿಲ್ ಇಳಿಸಬೇಕು. ಮುಂದಿನ ಚಕ್ರ ಬಿಚ್ಚಿ ಎರಡೂ ಕಡೆಯ ಆಕ್ಸಲ್ ಎಳೆಯಬೇಕು. ಸ್ಟಾರ್ಟರ್ ಮೋಟರ್, ಗೇರ್ ಕೇಬಲ್, ಮೌಂಟಿಂಗ್ ಬಿಚ್ಚಬೇಕು. ಇಂಜಿನ್ನಿಗೆ ಆಸರೆ ಕೊಟ್ಟು ಆಮೇಲೆ ಗೇರ್ ಬಾಕ್ಸ್ ಇಳಿಸಬೇಕು. ಹನ್ನೆರಡು ವರ್ಷದ ಗಾಡಿಯಲ್ಲಿ ಎಲ್ಲ ಬೋಲ್ಟೂ ಮರ್ಯಾದೆಯಾಗಿ ಬರಲ್ಲ. ತುಕ್ಕು ಹಿಡಿದ ಒಂದು ಬೋಲ್ಟ್ ತುಂಡಾದರೆ ಅರ್ಧ ದಿನ ಹೋಯಿತು. ಹೊಸ ಪ್ಲೇಟ್ ನಟ್ಟನಡುವೆ ಕೂರಬೇಕು. ಸ್ವಲ್ಪ ಆಚೀಚೆ ಆದರೂ ಗೇರ್ ಬಾಕ್ಸಿನ ಶಾಫ್ಟ್ ಒಳಗೆ ಹೋಗಲ್ಲ.

ನಾನು ಮೊದಲ ಸಲ ಕ್ಲಚ್ ಮಾಡಿದಾಗ ಲಿಫ್ಟ್ ಇರಲಿಲ್ಲ. ಅಂಗಾತ ಮಲಗಿ, ಗೇರ್ ಬಾಕ್ಸನ್ನು ಎದೆ ಮೇಲೆ ಹೊತ್ತು, ಶಾಫ್ಟ್ ತೂತಿಗೆ ಸಿಗಲಿ ದೇವರೇ ಅಂತ ಸಿದ್ಧಗಂಗೆಗೆ ಹರಕೆ ಹೊತ್ತಿದ್ದು ನೆನಪಿದೆ. ಒಂದೂವರೆ ದಿನ ಹಿಡಿಯಿತು. ಈಗ ನನ್ನ ಶಿಷ್ಯ ಲಿಫ್ಟ್ ಮೇಲೆ ಏರಿಸಿ ಐದು ಗಂಟೆಯಲ್ಲಿ ಮುಗಿಸುತ್ತಾನೆ. ಬೇಗ ಮುಗಿಸಿದ ಅಂತ ಅವನಿಗೆ ಕಡಿಮೆ ಕೊಡಬೇಕಾ? ಕಂಪನಿ ಸರ್ವೀಸ್ ಸೆಂಟರುಗಳಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಅಂತ ಪಟ್ಟಿ ಇರುತ್ತದೆ. ಗಡಿಯಾರ ನೋಡಿ ಬಿಲ್ ಹಾಕಲ್ಲ, ಆ ಪಟ್ಟಿ ನೋಡಿ ಹಾಕುತ್ತಾರೆ. ಹುಡುಗ ಒಂದು ಗಂಟೆ ಮುಂಚೆ ಮುಗಿಸಿದರೂ ಅಷ್ಟೇ, ಬೋಲ್ಟ್ ಮುರಿದು ರಾತ್ರಿ ಆದರೂ ಅಷ್ಟೇ.

ಗಾರೆ ಮೇಸ್ತ್ರಿ ಮಾತು ಎತ್ತಿದ್ದೀರಿ, ಅದಕ್ಕೆ ನಮ್ಮ ಗ್ಯಾರೇಜಿನದೇ ಒಂದು ತಿಂಗಳ ಲೆಕ್ಕ ಕೊಡುತ್ತೇನೆ. ಬಾಡಿಗೆ 18,000. ಇಬ್ಬರು ಮೆಕ್ಯಾನಿಕ್, ತಲಾ 22,000. ಒಬ್ಬ ಹೆಲ್ಪರ್ 12,000. ಕರೆಂಟು 4,000. ಕಂಪ್ರೆಸರ್ ರಿಪೇರಿ, ಸ್ಕ್ಯಾನರ್ ಅಪ್‌ಡೇಟ್, ಕಳೆದುಹೋಗುವ ಸ್ಪ್ಯಾನರ್, ಬಟ್ಟೆ, ಸೋಪು ಎಲ್ಲ ಸೇರಿ 8,000. ಒಟ್ಟು 86,000. ಇಬ್ಬರು ಮೆಕ್ಯಾನಿಕ್ ತಿಂಗಳಿಗೆ 26 ದಿನ ಬರುತ್ತಾರೆ. ಎಂಟು ಗಂಟೆ ಇದ್ದರೂ ಬಿಲ್ಲಿಗೆ ಬರುವ ಕೆಲಸ ಐದು ಗಂಟೆಯದು. ಉಳಿದದ್ದು ಪಾರ್ಟ್ಸ್ ಬರಲಿ ಅಂತ ಕಾಯುವುದು, ಟ್ರಯಲ್ ಹೋಗುವುದು, ಸದ್ದು ಇನ್ನೂ ಬರ್ತಿದೆ ಅಂತ ವಾಪಸ್ ಬಂದ ಗಾಡಿಯನ್ನು ಪುಕ್ಕಟೆ ನೋಡುವುದು. ಅಲ್ಲಿಗೆ 260 ಗಂಟೆ. 86,000ವನ್ನು 260ರಿಂದ ಭಾಗಿಸಿ. ಗಂಟೆಗೆ 330 ರೂಪಾಯಿ ಬರೀ ಖರ್ಚು. ಮಾಲೀಕನ ಮನೆಗೆ ಇನ್ನೂ ಒಂದು ಪೈಸೆ ಹೋಗಿಲ್ಲ.

ಐದು ಗಂಟೆಯ ಕ್ಲಚ್ ಕೆಲಸಕ್ಕೆ ನಮಗೇ 1,650 ಅಸಲು ಬೀಳುತ್ತದೆ. ನಿಮ್ಮೂರಿನವನಿಗೆ ಬಾಡಿಗೆ ಕಡಿಮೆ ಇರಬಹುದು. ಆದರೂ 1,800 ಹೇಳಿದವನು ಬರೀ ಲೇಬರ್‌ನಲ್ಲಿ ಬದುಕಲ್ಲ. ಕ್ಲಚ್ ಸೆಟ್ ತರುವಾಗ ಅಂಗಡಿಯವರು ಅವನಿಗೆ ಎಂಆರ್‌ಪಿ ಮೇಲೆ ಕಡಿತ ಕೊಡುತ್ತಾರೆ, ನಿಮ್ಮ ಹತ್ತಿರ ಎಂಆರ್‌ಪಿ ಇಸಿದುಕೊಳ್ಳುತ್ತಾನೆ. ಅದರಲ್ಲಿ ಮೋಸವೇನಿಲ್ಲ. ದಿನಸಿ ವ್ಯಾಪಾರ ಮಾಡುವ ನಿಮಗೆ ನಾನು ಹೇಳಿಕೊಡಬೇಕಾ? ಆದರೆ ನೀವೇ ಪಾರ್ಟ್ಸ್ ತಂದುಕೊಟ್ಟು 1,800ಕ್ಕೇ ಹಾಕಿಕೊಡು ಅಂದು ನೋಡಿ, ಅವನ ಮುಖ ಬಾಡುತ್ತದೆ. ದೊಡ್ಡ ಸೆಂಟರಿಗೆ ಎಸಿ ರೂಮು, ಕಾಫಿ ಮಷಿನ್ನು, ಟೈ ಕಟ್ಟಿದ ಅಡ್ವೈಸರ್, ಎಲ್ಲದರ ಖರ್ಚೂ ಇದೆ. ಅದಕ್ಕೇ 3,400 ಸರಿ ಅಂದೆ. ಇನ್ನೊಂದು ಮಾತು, ಆ ದಿನ ಗೇರ್ ಬಾಕ್ಸ್ ಇಳಿಸಿದ ಹುಡುಗನ ಕೈಗೆ ಸಂಬಳದ ಲೆಕ್ಕದಲ್ಲಿ ಬಿದ್ದದ್ದು ನಿಮ್ಮ ಗಾರೆ ಮೇಸ್ತ್ರಿಗಿಂತ ಕಡಿಮೆಯೇ ಇರುತ್ತದೆ. ನಮ್ಮಲ್ಲಾದರೆ 22,000ವನ್ನು 26ರಿಂದ ಭಾಗಿಸಿ, 850ಕ್ಕೆ ನಿಲ್ಲುತ್ತದೆ.

ಈಗ ಆ 1,900ಕ್ಕೆ ಬರೋಣ. ಹಿಂದಿನ ಆಯಿಲ್ ಸೀಲ್ ಇರುವುದು ಫ್ಲೈವೀಲ್, ಅಂದರೆ ಕ್ಲಚ್ ಕೂರುವ ಇಂಜಿನ್ ಚಕ್ರದ ಹಿಂದೆ. ಬರೀ ಸೀಲ್ ಬದಲಾಯಿಸಬೇಕು ಅಂದರೂ ಗೇರ್ ಬಾಕ್ಸ್ ಇಳಿಸಲೇಬೇಕು, ಅದಕ್ಕೇ ಅದರ ಲೇಬರ್ ಅಷ್ಟು. ಆದರೆ ನಿಮ್ಮ ಗಾಡಿಯಲ್ಲಿ ಗೇರ್ ಬಾಕ್ಸ್ ಆಗಲೇ ನೆಲದ ಮೇಲಿತ್ತು, ಕ್ಲಚ್ಚೂ ಕೈಯಲ್ಲಿತ್ತು! ಉಳಿದದ್ದು ಫ್ಲೈವೀಲಿನ ಬೋಲ್ಟ್ ಬಿಚ್ಚುವುದು, ಹಳೇ ಸೀಲ್ ಮೀಟಿ ತೆಗೆಯುವುದು, ಹೊಸದನ್ನು ಸೊಟ್ಟ ಆಗದಂತೆ ತಟ್ಟಿ ಕೂರಿಸುವುದು. ಮುಕ್ಕಾಲು ಗಂಟೆ, ನಿಧಾನದವನಿಗೆ ಒಂದು ಗಂಟೆ. ದೊಡ್ಡ ಸೆಂಟರಿನ ರೇಟಿಗೇ ಹಾಕಿದರೂ 600-700 ಆಗುತ್ತದೆ. ಒಂದು ಬಿಚ್ಚಾಟಕ್ಕೆ ಎರಡು ಬಿಲ್ ಆಗಿದೆ. ಬೇಕಂತಲೇ ಮಾಡಿದರು ಅಂತಲೂ ಹೇಳಲಾರೆ. ಕಂಪ್ಯೂಟರಿನಲ್ಲಿ ಒಂದೊಂದು ಕೆಲಸದ ಕೋಡ್ ಒತ್ತುತ್ತಾ ಹೋದರೆ ಅದು ಒಂದೊಂದಕ್ಕೂ ಪೂರ್ತಿ ಗಂಟೆ ಕೂಡಿಸಿಬಿಡಬಹುದು.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಾನೂ ಒಮ್ಮೆ ಹೀಗೇ ಬಿಲ್ ಬರೆದಿದ್ದೆ. ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ, ಬಿಳಿ ಪಂಚೆ, ಕಿವಿಗೆ ಸಿಕ್ಕಿಸಿದ ಪೆನ್ನು. ನನ್ನ ಚೀಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಆಮೇಲೆ ನಿಧಾನಕ್ಕೆ, ‘ಒಂದೇ ಕಾಯಿ ಎಷ್ಟು ಸಲ ಸುಲೀತೀರಿ ಮೇಸ್ತ್ರಿ?’ ಅಂದರು. ಹೆಲ್ಪರ್ ಹುಡುಗ ಕಿಸಕ್ಕನೆ ನಕ್ಕ. ನಾನು ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿದೆ. ಆಮೇಲೆ ಇಪ್ಪತ್ತು ವರ್ಷ ಅವರ ಮನೆಯ ಮೂರೂ ಗಾಡಿ ನಮ್ಮಲ್ಲಿಗೇ ಬಂದವು.

ನೀವು ಆ ಬಿಲ್ ಹಿಡಿದು ಸೆಂಟರಿಗೆ ಹೋಗಿ. ಅಡ್ವೈಸರ್ ಹತ್ತಿರ ಕೂಗಾಡಬೇಡಿ, ಅವನ ಕೈಯಲ್ಲಿ ಏನೂ ಇರಲ್ಲ. ಮ್ಯಾನೇಜರ್ ಹತ್ತಿರ ಕೂತು, ಎರಡು ಕೆಲಸಕ್ಕೂ ಎಷ್ಟೆಷ್ಟು ಗಂಟೆ ಹಾಕಿದ್ದೀರಿ, ಗೇರ್ ಬಾಕ್ಸ್ ಎಷ್ಟು ಸಲ ಇಳಿಸಿದಿರಿ ಅಂತ ಇಷ್ಟೇ ಕೇಳಿ. ಕಡಿಮೆ ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಆದರೆ ಜಾಸ್ತಿ ಹಾಕಿದ ಸಾವಿರದ ಇನ್ನೂರಕ್ಕೆ ಅಂಗಡಿ ಮುಚ್ಚಿ ಓಡಾಡುತ್ತೀರಾ? ನಾನಾದರೆ ಮ್ಯಾನೇಜರ್ ಹತ್ತಿರವೇ ಮುಗಿಸಿಕೊಳ್ಳುತ್ತಿದ್ದೆ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಉರಿಯುತ್ತಿತ್ತು. ಗ್ಯಾರೇಜಿನವರು ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಒಂದು ವೈರ್ ಸರಿಮಾಡಿ 1,200 ತೆಗೆದುಕೊಂಡರು. ಪಾರ್ಟ್ಸ್ ಏನೂ ಹಾಕಿಲ್ಲ. ಸುಮ್ನೆ ನೋಡಿದ್ದಕ್ಕೆ ದುಡ್ಡಾ?
— ಶಾಲಾ ಶಿಕ್ಷಕಿ, ಕ್ಯಾತ್ಸಂದ್ರ

ಉತ್ತರ: ನೋಡಿದ್ದಕ್ಕೇ ದುಡ್ಡು ಮೇಡಂ. ಡಾಕ್ಟರು ಮಾತ್ರೆ ಬರೆಯದಿದ್ದರೂ ಫೀಸ್ ಕೊಡಲ್ವಾ? ಮಾರುತಿ 800 ಕಾಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಟೆಸ್ಟ್ ಬಲ್ಬು ಇದ್ದರೆ ನಾನು ರಾಜ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಮ ಬಿಎಸ್ 6 ಬಂದ ಮೇಲೆ ಗಾಡಿ ತುಂಬ ಸೆನ್ಸರುಗಳು. ಸ್ಕ್ಯಾನರ್ ಒಂದು ಕೋಡ್ ತೋರಿಸುತ್ತದೆ ಅಷ್ಟೇ. ಇಂಥ ಸೆನ್ಸರಿನಿಂದ ಸುದ್ದಿ ಬರ್ತಿಲ್ಲ ಅನ್ನುತ್ತದೆಯೇ ಹೊರತು, ಸೆನ್ಸರ್ ಸತ್ತಿದೆಯಾ, ವೈರ್ ಕಡಿದಿದೆಯಾ ಅಂತ ಹೇಳಲ್ಲ. ಕೆಲಸ ಬರದವನು ಕೋಡ್ ನೋಡಿದ ತಕ್ಷಣ ಸೆನ್ಸರ್ ಬದಲಾಯಿಸಿ 5,000 ಬಿಲ್ ಮಾಡುತ್ತಾನೆ. ಲೈಟ್ ಮತ್ತೆ ಉರಿಯುತ್ತದೆ. ನಿಮ್ಮವನು ಮೀಟರ್ ಹಿಡಿದು ವೈರ್ ಉದ್ದಕ್ಕೂ ಹುಡುಕಿದ್ದಾನೆ. ಇಲಿ ಕಡಿದ ವೈರಿಗೆ ನಾನು ಒಂದು ಇಡೀ ಮಧ್ಯಾಹ್ನ ಕಳೆದದ್ದುಂಟು. ತೋಟದ ಮನೆಯ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇದು ಮಾಮೂಲು. 1,200 ಅಂದರೆ ನೀವು ಅಗ್ಗದಲ್ಲೇ ಮುಗಿಸಿಕೊಂಡಿದ್ದೀರಿ. ಮುಂದಿನ ಸಲ ಚೆಕ್ ಮಾಡಲು ಎಷ್ಟು, ರಿಪೇರಿ ನಿಮ್ಮಲ್ಲೇ ಮಾಡಿಸಿದರೆ ಆ ದುಡ್ಡು ಅದರಲ್ಲೇ ವಜಾ ಆಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತದೆ ಅನ್ನುತ್ತಾರೆ. ಏನು ಮಾಡಲಿ?
— ಟ್ಯಾಕ್ಸಿ ಚಾಲಕ, ಕುಣಿಗಲ್

ಉತ್ತರ: ಗ್ಯಾರೇಜಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಇಲ್ಲದವನು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೂ ಇಲ್ಲ. ಹಾಗಿದ್ದರೆ ಉಳಿಯುವ 18 ಎಲ್ಲಿಂದ ಬಂತು? ಬಿಲ್ಲಿನ ಮೇಲೆ 29ರಿಂದ ಶುರುವಾಗುವ 15 ಅಕ್ಷರದ ನಂಬರ್ ಇದೆಯಾ ನೋಡಿ. ಅದಿಲ್ಲದೆ ಜಿಎಸ್‌ಟಿ ಅಂತ ಸಾಲು ಇದ್ದರೆ ಕೊಡಬೇಡಿ. ಪಾರ್ಟ್ಸ್ ಕಡೆಗೂ ಕಣ್ಣಿರಲಿ. ಮೊದಲು ಬಹಳಷ್ಟು ಬಿಡಿಭಾಗಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಹಳೇ ರೇಟಿನಲ್ಲೇ ಬಿಲ್ ಮಾಡಿದರೆ ತೋರಿಸಿ ಕೇಳಿ.

ಬಿಲ್ ಅಂತೂ ತೆಗೆದುಕೊಳ್ಳಿ, ನಮ್ಮ ಗ್ಯಾರೇಜಿನ ಹಾಗೆ ಚೀಟಿ ಪುಸ್ತಕದಲ್ಲಿ ಬರೆದುಕೊಟ್ಟರೂ ಪರವಾಗಿಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರುವುದೇ ಒಂದು ತಪ್ಪು. ಟ್ಯಾಕ್ಸಿ ಓಡಿಸುವವರು ನೀವು, ಬೇರಿಂಗ್ ತಿಂಗಳಲ್ಲೇ ಹೋದರೆ ಏನು ತೋರಿಸುತ್ತೀರಿ?

ಪ್ರಶ್ನೆ: ಫ್ರೀ ಸರ್ವೀಸ್ ಅಂತ ಹೋದರೆ 4,000 ಆಯಿತು!
— ಹೊಸ ಕಾರಿನವರು, ತುಮಕೂರು

ಉತ್ತರ: ಫ್ರೀ ಇರುವುದು ಲೇಬರ್ ಮಾತ್ರ. ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು. ಹೊಸ ಗಾಡಿಗೆ ‘ಇಂಜಿನ್ ಫ್ಲಶ್’, ‘ಎಸಿ ಕ್ಲೀನಿಂಗ್’ ಅಂತ ಸೇರಿಸಿದ್ದರೆ ಅದು ನೀವು ಗಾಡಿ ಬಿಡುವಾಗ ಕೊಡುವ ಕೆಲಸದ ಪಟ್ಟಿ, ಅಂದರೆ ಜಾಬ್ ಕಾರ್ಡ್ ಓದದೆ ಸಹಿ ಹಾಕಿದ್ದಕ್ಕೆ. ಮುಂದಿನ ಸಲ ಓದಿ.

ಪ್ರಶ್ನೆ: ವಾರಂಟಿ ಇರುವಾಗ ಹೊರಗೆ ಬ್ರೇಕ್ ಪ್ಯಾಡ್ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆ ಅಂತ ಹೆದರಿಸುತ್ತಾರೆ.
— ಅಂಚೆ ನೌಕರರು, ಕೊರಟಗೆರೆ

ಉತ್ತರ: 2014ರ ಆಗಸ್ಟ್‌ನಲ್ಲಿ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ಸ್ಕ್ಯಾನರ್ ಮಾಹಿತಿ ನಮ್ಮಂಥ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಹೊರಗೆ ಕೈ ಹಾಕಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವ ಹಾಗಿಲ್ಲ, ಹೊರಗಿನ ಕೆಲಸದಿಂದ ಎಷ್ಟು ಹಾಳಾಯಿತೋ ಅಷ್ಟಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತಲೂ ಆ ಆದೇಶದಲ್ಲಿತ್ತು. ಕಂಪನಿಗಳು ಅದರ ಮೇಲೆ ಮೇಲ್ಮನವಿಗೆ ಹೋದವು. ಆದೇಶ ಓದಿದ ದಿನ ನಾನು ಗ್ಯಾರೇಜಿನ ಹುಡುಗರಿಗೆಲ್ಲ ತಟ್ಟೆ ಇಡ್ಲಿ ತರಿಸಿದ್ದೆ. ಅಷ್ಟಾದರೂ ನಿಮಗೆ ಹೇಳುವುದು, ವಾರಂಟಿ ಇರುವವರೆಗೆ ಇಂಜಿನ್, ಗೇರ್ ಬಾಕ್ಸ್, ವೈರಿಂಗ್ ಹೊರಗೆ ಮುಟ್ಟಿಸಬೇಡಿ. ನಾಳೆ ಜಗಳ ಬಂದರೆ ಯಾರ ಕೈಯಿಂದ ಹಾಳಾಯಿತು ಅಂತ ತೋರಿಸುವುದು ಕಷ್ಟ. ಬ್ರೇಕ್ ಪ್ಯಾಡ್ ಸವೆಯುವ ವಸ್ತು, ಅದನ್ನು ಬದಲಾಯಿಸಲು ಮುಕ್ಕಾಲು ಗಂಟೆ ಸಾಕು. ಕೊರಟಗೆರೆಯಲ್ಲೇ ಹಾಕಿಸಿ, ಪ್ಯಾಡಿನ ಡಬ್ಬಿ ಮತ್ತು ಬಿಲ್ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಳ್ಳಿ. ಹಳೇ ಪ್ಯಾಡ್ ಕೇಳಿ ಇಸಿದುಕೊಂಡು ಬೆರಳಲ್ಲಿ ಮುಟ್ಟಿ ನೋಡಿ. ಹೊಸದರ ಅರ್ಧದಷ್ಟು ದಪ್ಪ ಇನ್ನೂ ಉಳಿದಿದ್ದರೆ ನನಗೊಂದು ಕಾಗದ ಹಾಕಿ.